ಗುಂಡಿಯಳತೆಗೆ ಕತ್ತರಿಸಿದ ಎಲೆಗಳು

ತಾರೀಖು ಮೂರು, ಸೋಮವಾರ

ಪಕ್ಕದ ಮನೆಯ ಸೂಜಿಗೆ,

‘ಪ್ರೀತಿಯ’ ಎಂದು ಶುರುಮಾಡಿ ಹೊಡೆದುಹಾಕಿದ್ದೇನೆ. ಆ ಗೀಟು ನಿನಗೆ ಕಾಣಲಿ ಅಂತಲೇ ಹಾಳೆ ಬದಲಾಯಿಸಿಲ್ಲ. ಹದಿನಾಲ್ಕು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು ನಾವು. ನಾನು ಮಾತು ಬಿಟ್ಟು ಇವತ್ತಿಗೆ ಹನ್ನೊಂದು ದಿನ. ನೀನು ಹತ್ತನೇ ತಾರೀಖಿಗೆ ಮನೆ, ಹೊಲಿಗೆ ಅಂಗಡಿ ಎರಡನ್ನೂ ಖಾಲಿ ಮಾಡುತ್ತೀಯಂತೆ. ಇದನ್ನು ನೀನು ಹೇಳಲಿಲ್ಲ, ಇಸ್ತ್ರಿಯವನು ಹೇಳಿದ. ತಪ್ಪು ಮಾಡದವಳು ಯಾಕೆ ಓಡಿಹೋಗಬೇಕು?

ಹೋಗುವ ಮುಂಚೆ ಒಪ್ಪಿಕೊಂಡು ಹೋಗು ಎಂದು ಕೇಳುವುದಕ್ಕೆ ಈ ಕಾಗದ. ಇಪ್ಪತ್ತೇಳು ವರ್ಷ ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತವಳು ನಾನು. ಕಾಲುಚೀಲದಲ್ಲಿ ಚೀಟಿ ಇಟ್ಟುಕೊಂಡವರನ್ನು ಅವರ ನಡಿಗೆಯಲ್ಲೇ ಹಿಡಿಯುತ್ತಿದ್ದೆ. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ ಕಣೇ.

ನನ್ನ ಗುಲಾಬಿ ಗಿಡಗಳ ಎಲೆಗಳನ್ನು ಯಾರೋ ಅಂಚಿನಿಂದ ದುಂಡಗೆ ಕತ್ತರಿಸುತ್ತಿದ್ದಾರೆ. ಕಂಬಳಿಹುಳ ತಿಂದಿದ್ದರೆ ಎಲೆ ಹರುಕುಮುರುಕಾಗಿರುತ್ತಿತ್ತು. ಇದು ಕಂಪಾಸಿನಲ್ಲಿ ಎಳೆದಷ್ಟು ನೀಟು. ನೀನು ಗುಂಡಿಗಳಿಗೆ ಬಟ್ಟೆ ಹೊದಿಸುತ್ತೀಯಲ್ಲ, ಅದಕ್ಕೆ ದುಂಡು ಚೂರು ಗುರುತು ಮಾಡುವ ತಗಡಿನ ಅಚ್ಚೊಂದನ್ನು ನಮ್ಮ ಮನೆಯಲ್ಲಿ ನೀನು ಮರೆತುಹೋಗಿದ್ದೆ. ನಾನು ಅದನ್ನು ಎಲೆಯ ಮೇಲಿಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ನಮ್ಮವರಿಗೆ ತೋರಿಸಿದರೆ ಪೇಪರಿನಿಂದ ತಲೆಯೆತ್ತದೆ, ಹಾಗಾದ್ರೆ ಸೂಜಿ ಈಗ ಗಿಡಕ್ಕೂ ಅಂಗಿ ಹೊಲೀತಿದ್ದಾಳೆ ಅನ್ನು, ಅಂದರು. ಅವರಿಗೆ ಎಲ್ಲವೂ ತಮಾಷೆ.

ಇನ್ನೊಂದು ಸಾಕ್ಷಿಯಿದೆ. ಬೆಳಗ್ಗೆ ಆರಕ್ಕೆ ನೀನು ಕೈಯಲ್ಲಿ ಸಣ್ಣ ಕುಂಚ ಹಿಡಿದುಕೊಂಡು ಗೋಡೆಯ ಪಕ್ಕ ಕುಂಬಳದ ಬಳ್ಳಿಯಲ್ಲಿ ಬಗ್ಗಿರುತ್ತೀಯ. ನನ್ನನ್ನು ಕಂಡರೆ ಸಾಕು, ಕುಂಚ ಬೆನ್ನ ಹಿಂದೆ. ಕುಂಬಳಕ್ಕೆ ಯಾರಾದರೂ ಬಣ್ಣ ಬಳಿಯುತ್ತಾರೆಯೇ? ಮತ್ತೆ, ಗೋಡೆಗೆ ನೇತುಹಾಕಿದ ಆ ಮರದ ತುಂಡು. ಅದರ ಮೈತುಂಬ ಪೆನ್ಸಿಲ್ ತೂರುವಷ್ಟು ತೂತುಗಳನ್ನು ಕೊರೆದಿದ್ದೀಯ. ಏನಿದು ಎಂದು ಕೇಳಿದರೆ, ಬಾಡಿಗೆಗೆ ಮನೆಗಳು ಟೀಚರಕ್ಕ, ಎಂದು ನೀನು ನಕ್ಕೆ. ಆ ನಗು ನನಗೆ ಅವತ್ತೇ ಸರಿಬರಲಿಲ್ಲ.

ಕಾರಣವೂ ಗೊತ್ತು. ಎರಡು ತಿಂಗಳ ಹಿಂದೆ ನೀನು, ಗುಲಾಬಿಗೆ ಔಷಧಿ ಹೊಡೀಬೇಡಿ ಟೀಚರಕ್ಕ, ಜೇನು ಬರ್ತಿಲ್ಲ, ನನ್ನ ಬಳ್ಳೀಲಿ ಒಂದು ಕಾಯೂ ಕಚ್ತಿಲ್ಲ, ಹೀಚೆಲ್ಲ ಹಳದಿಯಾಗಿ ಉದುರ್ತಿದೆ, ಎಂದು ಕೇಳಿಕೊಂಡೆ. ನಾನು ಆಯಿತು ಎಂದೆ, ನಿಲ್ಲಿಸಿದೆ. ಆದರೂ ನಿನ್ನ ಹೊಟ್ಟೆಯುರಿ ಆರಲಿಲ್ಲ. ಅದಕ್ಕೇ ಮಾತು ಬಿಟ್ಟ ದಿನ ನಾನು ನಿನ್ನ ಅಂಗಡಿಗೆ ಬಂದು, ಗಿರಾಕಿಗಳ ಮುಂದೆಯೇ, ಕತ್ತರಿ ಹಿಡಿಯೋ ಕೈ ನೆಟ್ಟಗಿರಬೇಕು ಅಂದೆ. ನೀನು ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು, ನಾನು ಬಟ್ಟೆ ಬಿಟ್ಟು ಬೇರೇನೂ ಕತ್ತರಿಸಿಲ್ಲ ಟೀಚರಕ್ಕ, ಎಂದೆಯಷ್ಟೇ. ಅಳತೆ ಕೊಡುತ್ತಿದ್ದ ಬ್ಯಾಂಕಿನವಳು ತನ್ನ ಬಟ್ಟೆಯನ್ನು ವಾಪಸು ಚೀಲಕ್ಕೆ ಹಾಕಿಕೊಂಡಳು. ಸಂಜೆ ನಮ್ಮಿಬ್ಬರ ಹಿತ್ತಲಿನ ನಡುವಿನ ಬಾಗಿಲಿಗೆ ನಾನು ಬೀಗ ಹಾಕಿದೆ. ಬಾಗಿಲಿಗೇ ಕೂರಿಸಿದ, ಕಿರುಬೆರಳು ಹೋಗುವಷ್ಟು ದೊಡ್ಡ ಕಿಂಡಿಯ ಆ ಹಳೇ ಬೀಗಕ್ಕೆ ಒಂದು ಕೀಲಿಕೈ ಇದೆ ಎಂಬುದೇ ನನಗೆ ಮರೆತುಹೋಗಿತ್ತು.

ಈ ಕಾಗದ ಇವತ್ತು ಕಳಿಸುವುದಿಲ್ಲ. ನಿನ್ನನ್ನು ಕೈಯಾರೆ ಹಿಡಿದ ಮೇಲೆ ಕಳಿಸುತ್ತೇನೆ.

ತಾರೀಖು ಆರು, ಗುರುವಾರ

ಹಿಡಿದೆ. ಮೂರು ದಿನ ಬಚ್ಚಲುಮನೆಯ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತೆ. ನಮ್ಮವರು ಹೆಗಲಿಗೆ ಟವೆಲು ಹಾಕಿಕೊಂಡು ಹೊರಗೆ ನಿಂತು ನಿಂತು ಸಾಕಾಗಿ, ಕಳ್ಳ ಸಿಕ್ಕಿದ ಮೇಲೆ ಹೇಳು, ಆಮೇಲೆ ಮೈಗೆ ನೀರು ಹಾಕ್ಕೋತೀನಿ, ಎಂದು ಹೋದರು. ಇವತ್ತು ಹತ್ತೂವರೆಗೆ ಬಿಸಿಲು ಚೆನ್ನಾಗಿ ಏರಿತ್ತು. ನಿನ್ನ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು, ಅಂದರೆ ನೀನು ಅಂಗಡಿಯಲ್ಲೇ ಇದ್ದೆ. ಆಗ ನನ್ನ ಗುಲಾಬಿಯ ಮೇಲೆ ಒಂದು ಕಂದು ಜೇನು ಬಂದು ಕೂತಿತು. ಎಲೆಯ ಅಂಚನ್ನು ಕಾಲುಗಳಲ್ಲಿ ಅವುಚಿಕೊಂಡು, ಬಾಯಲ್ಲೇ ಕತ್ತರಿಸುತ್ತ ದುಂಡಗೆ ಒಂದು ಸುತ್ತು ಬಂತು. ಹತ್ತು ಎಣಿಸುವಷ್ಟರಲ್ಲಿ ಚೂರನ್ನು ಹೊಟ್ಟೆಯಡಿಗೆ ಸುತ್ತಿಕೊಂಡು ಹಾರಿಯೇ ಹೋಯಿತು. ಅಯ್ಯೋ, ನಾನು ಸ್ಟೂಲಿನಿಂದ ಬೀಳುವುದೊಂದು ಬಾಕಿ!

ಅಷ್ಟಕ್ಕೇ ಬಿಡುವವಳಲ್ಲ ನಾನು. ಹಿತ್ತಲಿಗೆ ಓಡಿ ಕಾದು, ಅದು ಮತ್ತೆ ಬಂದು ಇನ್ನೊಂದು ಚೂರು ಎತ್ತಿಕೊಂಡು ಹಾರಿದಾಗ ಗೋಡೆಯ ಮೇಲಿಂದ ಇಣುಕಿದೆ. ಅದು ನೇರ ನಿನ್ನ ಮರದ ತುಂಡಿನ ತೂತಿಗೇ ನುಗ್ಗಿತು. ಗೂಡು ಕಟ್ಟದೆ ತೂತಿನೊಳಗೆ ಎಲೆ ಸುತ್ತಿ ಮರಿ ಮಾಡುವ ಒಂಟಿ ಜೇನು! ಐದಾರು ತೂತುಗಳ ಬಾಯಿಗೆ ಆಗಲೇ ನನ್ನ ಗುಲಾಬಿ ಎಲೆಯ ಮುಚ್ಚಳ ಬಿದ್ದಿತ್ತು. ಹಾಗಾದರೆ ಕಳ್ಳರನ್ನು ಕರೆದು ಮನೆ ಕೊಟ್ಟವಳು ನೀನೇ ತಾನೇ? ಯಾವ ಜೇನಾದರೂ ಸರಿ, ನಿನ್ನ ಕುಂಬಳದ ಹೂವಿಗೆ ಬಂದರೆ ಸಾಕು ಎಂದು ತೂತು ಕೊರೆದೆ. ನನಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನಾನು ಆ ಮರದ ತುಂಡಿಗೂ ಔಷಧಿ ಹೊಡೆದೇನು ಎಂದು ಹೆದರಿದೆಯಾ? ಹೌದು ಎಂದಾದರೆ ನೀನೂ ನನ್ನನ್ನು ನಂಬಿರಲಿಲ್ಲ. ಇದನ್ನು ಯೋಚಿಸುತ್ತ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ತಾರೀಖು ಎಂಟು, ಶನಿವಾರ

ಸೂಜಿ, ಸೋಮವಾರ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅದನ್ನು ಕಂಡುಹಿಡಿದವರು ನಮ್ಮವರು. ಮೇಜಿನ ಮೇಲಿದ್ದ ಕಾಗದ ಓದಿಬಿಟ್ಟಿದ್ದರು. ಇವತ್ತು ಬೆಳಗ್ಗೆ ನಾನು ಔಷಧಿಯ ಪಂಪು ಎತ್ತಿಕೊಂಡು ಹಿತ್ತಲಿಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು, ನಿಲ್ಲಿಸಿದ್ದೀನಿ ಅಂತ ಬರ್ದಿದ್ದೀಯಲ್ಲೇ, ಇದೇನು, ಅಂದರು. ಈ ಸಲ ಅವರು ನಗುತ್ತಿರಲಿಲ್ಲ.

ನಾನು ಔಷಧಿ ಹೊಡೆಯುವುದನ್ನು ನಿಲ್ಲಿಸಿರಲಿಲ್ಲ. ನಿನಗೆ ಆಯಿತು ಎಂದ ಮೇಲೂ ವಾರಕ್ಕೆರಡು ಸಲ, ನೀನು ಏಳುವ ಮುಂಚೆ ಹೊಡೆಯುತ್ತಿದ್ದೆ. ಗೋಡೆಯ ಪಕ್ಕದ ಗಿಡಗಳಿಗೆ ಹೊಡೆದದ್ದು ನಿನ್ನ ಬಳ್ಳಿಯ ಮೇಲೂ ಬೀಳುತ್ತಿತ್ತು. ಅಂಗಳ ಗುಡಿಸುವಾಗ ಸತ್ತ ಜೇನುಗಳು ಸಿಕ್ಕರೆ ಯಾರಿಗೂ ಕಾಣದ ಹಾಗೆ ಮೊರದಲ್ಲಿ ಎತ್ತಿ ಬಿಸಾಡುತ್ತಿದ್ದೆ. ಬೇರೆಯವರ ಕಾಲುಚೀಲದಲ್ಲಿ ಚೀಟಿ ಹುಡುಕಿದವಳ ಕತೆ ಇದು.

ಪಂಪು ಕೆಳಗಿಟ್ಟು ಗೋಡೆಯ ಹತ್ತಿರ ಹೋದೆ. ಅಷ್ಟರಲ್ಲಿ ನೀನು ಎದ್ದು ಬಂದಿದ್ದೆ, ಅದೇ ಕುಂಚ ಹಿಡಿದು. ಒಂದು ಹೂವಿನ ಪರಾಗವನ್ನು ಕುಂಚಕ್ಕೆ ಹಚ್ಚಿಕೊಂಡು, ಬುಡದಲ್ಲಿ ಹೀಚಿದ್ದ ಇನ್ನೊಂದು ಹೂವಿನೊಳಗೆ ಮೆಲ್ಲಗೆ ಸವರಿದೆ. ನಾನು ಕೊಂದ ಜೇನುಗಳ ಕೆಲಸವನ್ನು ನೀನು ದಿನಾ ಬಗ್ಗಿ ಬಗ್ಗಿ ಮಾಡುತ್ತಿದ್ದೆ. ಔಷಧಿಯ ವಾಸನೆ ಗೋಡೆ ಕಂಡು ನಿಲ್ಲುತ್ತದೆಯೇ? ನಿನಗೆ ಮೊದಲಿನಿಂದ ಗೊತ್ತಿತ್ತು. ನನಗೆ ಅವಮಾನವಾಗದಿರಲಿ ಎಂದು ಕುಂಚ ಬಚ್ಚಿಡುತ್ತಿದ್ದೆ. ಅಂಗಡಿಯಲ್ಲಿ ಅಷ್ಟು ಜನರ ಮುಂದೆ ಒಂದೇ ಮಾತಿನಲ್ಲಿ ನನ್ನ ಮಾನ ಕಳೆಯಬಹುದಿತ್ತು. ಪಿನ್ನು ತೆಗೆದಿಟ್ಟು ನಿನ್ನ ಕತ್ತರಿಯ ಮಾತಷ್ಟೇ ಆಡಿದೆ.

ನನಗೆ ನಾಚಿಕೆಯಾಗುತ್ತಿದೆ ಕಣೇ, ತುಂಬ ನಾಚಿಕೆಯಾಗುತ್ತಿದೆ. ಪಂಪನ್ನು ಗುಜರಿಯವನಿಗೆ ಕೊಟ್ಟಾಯಿತು. ಗುಲಾಬಿ ಎಲೆಗಳು ಇನ್ನು ಮೇಲೆ ನಿನ್ನ ಬಾಡಿಗೆದಾರರಿಗೆ. ನಾಳೆ ಬ್ಯಾಂಕಿನವಳ ಮನೆಗೆ ನಾನೇ ಹೋಗಿ, ಕಳ್ಳಿ ನೀನಲ್ಲ ನಾನು ಎಂದು ಹೇಳಿ, ಅವಳ ಬಟ್ಟೆಯನ್ನು ನಿನ್ನ ಅಂಗಡಿಗೆ ತರುತ್ತೇನೆ. ಹತ್ತನೇ ತಾರೀಖಿಗೆ ಹೋಗಬೇಡ. ಹೋಗಲೇಬೇಕೆಂದರೆ ನನ್ನನ್ನು ಚೆನ್ನಾಗಿ ಬೈದಾದರೂ ಹೋಗು.

ಮೇಲೆ ಹೊಡೆದುಹಾಕಿದ ‘ಪ್ರೀತಿಯ’ವನ್ನು ಗೀಟಿಲ್ಲದೆ ಓದಿಕೋ.

ನಿನ್ನ
ಟೀಚರಕ್ಕ

ಮರೆತ ಮಾತು: ಕಾಗದವನ್ನು ಹಿತ್ತಲಿನಿಂದಲೇ ತಂದುಕೊಡೋಣ ಎಂದು ನಡುವಿನ ಬಾಗಿಲಿಗೆ ಹೋದೆ. ಬೀಗದ ಕೈ ಒಳಗೆ ಹೋಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಆಗಲೂ ನೀನೇ ಏನೋ ತುರುಕಿದ್ದೀಯ ಎಂದುಕೊಂಡೆ. ಟಾರ್ಚು ಬಿಟ್ಟು ನೋಡಿದರೆ ಕಿಂಡಿಯೊಳಗೆ ಗುಲಾಬಿ ಎಲೆಯ ಸುರುಳಿ. ನಾನು ಬೀಗ ಹಾಕಿದ ಮೇಲೆ ನಿನ್ನ ಜೇನೊಂದು ಅಲ್ಲೂ ಮನೆ ಮಾಡಿಬಿಟ್ಟಿದೆ. ಬೀಗದ ಕೈ ತುರುಕಿದರೆ ಒಳಗಿನ ಮರಿಗಳು ಸಾಯುತ್ತವೆ. ಅದಕ್ಕೆ ನಮ್ಮವರು ಕೀಲಿನ ತಿರುಪುಗಳನ್ನು ಬಿಚ್ಚಿ, ಬೀಗದ ಸಮೇತ ಬಾಗಿಲನ್ನೇ ಹೊರಗೆ ತೆಗೆದು, ಕಿಂಡಿ ಅದೇ ದಿಕ್ಕಿಗಿರುವಂತೆ ಪಕ್ಕದ ಗೋಡೆಗೆ ಒರಗಿಸಿದ್ದಾರೆ. ಈಗ ಅಲ್ಲಿ ಬಾಗಿಲಿಲ್ಲ. ನಿನ್ನ ಗುಂಡಿಯ ಅಚ್ಚನ್ನು ಈ ಕಾಗದದ ಜೊತೆ ಕಳಿಸುತ್ತಿಲ್ಲ. ಬೇಕಾದರೆ ನೀನೇ ಬಂದು ತೆಗೆದುಕೊಂಡು ಹೋಗು.