ಸೊನ್ನೆಗೆ ಸಹಿ ಹಾಕಲಿಲ್ಲ

ಮನೆಯಿಂದ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಶುಕ್ರವಾರ ಪಟ್ಟಿ ಬಿಚ್ಚಿದರು ಎಂದು ತಮ್ಮ ಫೋನ್ ಮಾಡಿ ಹೇಳಿದ. ಬಿಚ್ಚಿದ ಕೂಡಲೇ ನೀನು ನೋಡಿದ್ದು ಮೊಮ್ಮಗಳ ಮುಖವನ್ನಲ್ಲ, ಆಸ್ಪತ್ರೆಯ ಗೋಡೆಯ ಗಿಲಾವನ್ನಂತೆ. "ಮೂಲೆ ಓರೆಯಾಗಿದೆ, ಯಾರು ಮಾಡಿದ್ದು?" ಎಂದು ನರ್ಸನ್ನು ಕೇಳಿದೆಯಂತೆ. ಅಷ್ಟು ಕೇಳಿದ ಮೇಲೆ ಕಣ್ಣು ಸರಿಹೋಗಿದೆ ಎಂದು ನನಗೆ ಬೇರೆ ಯಾರೂ ಹೇಳಬೇಕಿಲ್ಲ. ಆದರೂ ಹನಿ ಔಷಧಿ ತಪ್ಪಿಸಬೇಡ, ಬಗ್ಗಿ ಏನನ್ನೂ ಎತ್ತಬೇಡ, ಪಕ್ಕದ ಮನೆಯವರು ಗೋಡೆ ಕಟ್ಟಿಸುತ್ತಿದ್ದರೆ ಅಲ್ಲಿಗೆ ಹೋಗಿ ನಿಲ್ಲಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂ, ಹ್ಞೂ" ಎಂದು ಎರಡು ನಿಮಿಷಕ್ಕೆ ತಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಈ ಸಲದ ಸುದ್ದಿ ಎರಡು ನಿಮಿಷದ್ದಲ್ಲ. ತಮ್ಮನ ಹೆಂಡತಿಯ ಕೈಲಿ ಓದಿಸಿಕೋ. ಮನೆಯೊಳಗಿನ ಮಾತು ಇದರಲ್ಲಿದೆ, ಇರಲಿ, ಅವಳೂ ಕೇಳಲಿ. ಮುಚ್ಚಿಟ್ಟುಕೊಂಡು ಸಾಕಾಗಿದೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದದ್ದೇ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನೀನಿಲ್ಲದೆ ಜಗಳಕ್ಕೆ ಜನ ಸಿಗದೆ ರೇಡಿಯೋ ಜೊತೆ ಜಗಳ ಆಡುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯಿಂದ ಆರು ಜನರನ್ನು ಜನಗಣತಿಗೆ ಹಾಕಿದರು. ಪಾಠ ಮಾಡುವವರಿಗೆ ಎಣಿಸಲು ಬರುತ್ತದೆ ಎಂಬ ನಂಬಿಕೆ ಸರ್ಕಾರಕ್ಕೆ ಎಲ್ಲಿಂದ ಬಂತೋ. ಅದೇ ವಾರ ಪತ್ರಿಕೆಯಲ್ಲಿ, ಜಗತ್ತಿನ ಅತಿ ಹೆಚ್ಚು ಜನರಿರುವ ನಗರಗಳ ಪಟ್ಟಿಯಲ್ಲಿ ನಮ್ಮದು ಈ ಸಲ ಇನ್ನೂ ಮೇಲೆ ಏರಲಿದೆ ಎಂದು ಬಂದಿತ್ತು. ಟೀಚರುಗಳ ಕೋಣೆಯಲ್ಲಿ ಎಲ್ಲರಿಗೂ ತಾವೇ ಓಟದಲ್ಲಿ ಗೆದ್ದಷ್ಟು ಸಂಭ್ರಮ. ಆ ಮಧ್ಯಾಹ್ನ ನನಗೆ ಬ್ಲಾಕಿನ ನಕ್ಷೆ ಕೊಟ್ಟರು. ಇನ್ನೂರ ಹದಿನಾಲ್ಕನೇ ಬ್ಲಾಕು. ಹಳೇ ಸೇತುವೆಯಿಂದ ರೈಲು ಹಳಿಯವರೆಗೆ ಬರೀ ಚುಕ್ಕೆಗಳು, ನಡುವೆ ಒಂದೇ ಪದ: ಜವುಗು. ಕೆಳಗೆ, ಅಂದಾಜು ಮನೆಗಳು ಸೊನ್ನೆ, ಅಂದಾಜು ಜನ ಸೊನ್ನೆ. ನನಗೆ ಮೊದಲು ನಗು ಬಂತು. ಆಮೇಲೆ ನಕ್ಷೆಯನ್ನು ತಿರುಗಿಸಿ ಮತ್ತೊಮ್ಮೆ ನೋಡಿದೆ. ಅದು ನಮ್ಮ ಬೀದಿ ಅಪ್ಪಾ. ಆ ಚುಕ್ಕೆಗಳ ಮೇಲೆ ನಿಂತು ಅಮ್ಮ ಬೆಳಿಗ್ಗೆ ತಾನೇ ಬಟ್ಟೆ ಒಣಹಾಕಿದ್ದಳು.

ನಮ್ಮ ಮೇಲ್ವಿಚಾರಕರು ಅಂಗಿಯ ಜೇಬಿನಲ್ಲಿ ಸದಾ ಒಂದು ರಬ್ಬರ್ ಇಟ್ಟುಕೊಂಡಿರುತ್ತಾರೆ. ಹಾಗಾಗಿ ನಾವೆಲ್ಲ ಬೆನ್ನ ಹಿಂದೆ ರಬ್ಬರ್ ಸಾಹೇಬರು ಎನ್ನುತ್ತೇವೆ. ಅವರು ನನ್ನ ನಕ್ಷೆ ನೋಡಿ, "ನಿಮ್ಮ ಅದೃಷ್ಟ ಕಣ್ರೀ ಮೇಡಂ. ಒಂದು ಸುತ್ತು ಹಾಕಿ, ಸೊನ್ನೆ ಬರೀರಿ, ಸಹಿ ಹಾಕಿ, ಮನೇಗ್ ಹೋಗಿ ಮಲ್ಕೊಳ್ಳಿ" ಎಂದರು. ಹೊಸ ವರ್ತುಲ ರಸ್ತೆ ಆ ಜವುಗಿನ ಮೇಲೇ ಹೋಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಖಾಲಿ ಜಾಗ ಎಂದಾದರೆ ಯಾರನ್ನೂ ಎಬ್ಬಿಸಬೇಕಿಲ್ಲ, ಯಾರಿಗೂ ಬದಲಿ ಮನೆ ಕೊಡಬೇಕಿಲ್ಲ. ನಾನು ಮನೆಗೆ ಹೋಗಿ ಮಲಗುವುದೂ ಆ ಸೊನ್ನೆಯೊಳಗೇ ಎಂದು ಹೇಳಲಿಲ್ಲ. ಅದಕ್ಕೆ ಕಾರಣ ನಿನಗೆ ಗೊತ್ತು. ಹತ್ತೊಂಬತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರುವ ದಿನ, ಜವುಗಿನವಳು ಎಂದರೆ ಒಳಗೆ ಬಿಡಲಾರರು ಎಂದು ಹೆದರಿ, ಅರ್ಜಿಯಲ್ಲಿ ಸೋದರತ್ತೆಯ ಮನೆ ವಿಳಾಸ ಬರೆದೆ. ನೀನು ಪಕ್ಕದಲ್ಲಿ ನಿಂತು ಓದಿದೆ. ಬೈಯುತ್ತೀಯ ಎಂದುಕೊಂಡೆ. ನೀನು "ನಿನ್ನ ಕೈ, ನಿನ್ನ ಪೆನ್ನು" ಎಂದಷ್ಟೇ ಹೇಳಿ ಹೊರಗೆ ಹೋದೆ. ಅಂದಿನಿಂದ ಶಾಲೆಯವರು ಯಾರಾದರೂ ನನ್ನನ್ನು ಕಾಣಬೇಕೆಂದರೆ ದೊಡ್ಡ ರಸ್ತೆಯ ಔಷಧಿ ಅಂಗಡಿಯ ಹತ್ತಿರ ಬರಹೇಳುತ್ತಿದ್ದೆ. ನೀನು ಕೈಯಾರೆ ಮಾಡಿದ ನೆಲದ ಮೇಲೆ ಒಬ್ಬರನ್ನೂ ಕರೆದುತರಲಿಲ್ಲ. ಇದನ್ನು ನಿನ್ನೆದುರು ಹೇಳಲು ನನಗೆ ಯಾವತ್ತೂ ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಾಯಿತು ಅಪ್ಪಾ.

ನಾನು ಭೂಗೋಳದ ಟೀಚರು. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಮಹಾನಗರಗಳ ಪಾಠ ಮಾಡುತ್ತೇನೆ. ಒಂದು ಕಾಲಕ್ಕೆ ಲಂಡನ್ ಎಲ್ಲಕ್ಕಿಂತ ದೊಡ್ಡದಿತ್ತು, ಅದನ್ನು ನ್ಯೂಯಾರ್ಕ್ ಹಿಂದೆ ಹಾಕಿತು, ಅದನ್ನು ಟೋಕಿಯೋ. ಬಂದರು ಇದ್ದಲ್ಲಿ, ರೈಲು ಬಂದಲ್ಲಿ, ಕಾರ್ಖಾನೆ ಎದ್ದಲ್ಲಿ ನಗರ ಬೆಳೆಯುತ್ತದೆ, ಗಡಿಗೆರೆ ಎಲ್ಲಿ ಎಳೆಯುತ್ತಾರೆ ಎಂಬುದರ ಮೇಲೆ ಪಟ್ಟಿಯಲ್ಲಿ ಅದರ ಸ್ಥಾನವೂ ಬದಲಾಗುತ್ತದೆ. ಇಷ್ಟನ್ನು ನಿದ್ದೆಯಲ್ಲೂ ಹೇಳಬಲ್ಲೆ. ನಗರ ತಾನೇ ಬೆಳೆಯುತ್ತದೆ, ತಲೆಗೂದಲು ಬೆಳೆದ ಹಾಗೆ, ಎಂದು ಪಾಠ. ಮಣ್ಣು ಹೊತ್ತವರ ಮಾತು ಅದರಲ್ಲಿಲ್ಲ. ನೀನು ಸೇತುವೆ ಕಟ್ಟಲು ಬಂದವನು. ಸೇತುವೆ ಮುಗಿಯಿತು, ಗುತ್ತಿಗೆದಾರ ಗಾಡಿ ಹತ್ತಿ ಹೋದ, ಕಟ್ಟಿದ ಹನ್ನೊಂದು ಸಂಸಾರಗಳು ಅದರ ಕೆಳಗೇ ಉಳಿದವು. ಪೇಟೆಯ ನಡುವೆ ಹಳೇ ಕಟ್ಟಡಗಳನ್ನು ಕೆಡವಿ ಎತ್ತರದವನ್ನು ಏರಿಸುವಾಗ, ಆ ಒಡೆದ ಇಟ್ಟಿಗೆ ಗಾರೆಗಳನ್ನೆಲ್ಲ ನೀವು ತಂದು ಜವುಗಿಗೆ ಸುರಿದಿರಿ. ಏಳು ವರ್ಷ ಸುರಿದಿರಿ. ಪೇಟೆಯವರ ಹಳೇ ಮನೆಗಳೇ ನಮ್ಮ ಮನೆಗಳ ತಳಪಾಯ. ನಗರ ಬೆಳೆದದ್ದು ಹೀಗೆ, ಮೇಲಕ್ಕೂ ಆಚೆಗೂ, ಒಂದೇ ಕೈಗಳಿಂದ.

ಹಾಗಾಗಿ ನಾನು ಒಂದು ಸುತ್ತು ಹಾಕಲಿಲ್ಲ. ಹನ್ನೊಂದು ದಿನ ಎಣಿಸಿದೆ. ಶುರುಮಾಡಿದ್ದು ನಮ್ಮ ಮನೆಯಿಂದಲೇ. ಅಮ್ಮ ಸೀರೆ ಬದಲಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು, ನಾನು ಪರಕೀಯಳಂತೆ ಎದುರು ನಿಂತು ಪ್ರಶ್ನೆ ಕೇಳಬೇಕು. "ಕೆಲಸ" ಎಂಬ ಕಡೆ ನಾನು "ಮನೆಗೆಲಸ" ಎಂದು ಬರೆಯುತ್ತಿದ್ದಂತೆ ಪೆನ್ನು ಹಿಡಿದುಕೊಂಡಳು. "ನಿಮ್ಮಪ್ಪ ಮೇಸ್ತ್ರಿ ಆದ್ರೆ, ಬುಟ್ಟಿ ಹೊತ್ತೋಳು ನಾನೇನು ನಿಂತ್ಕೊಂಡು ತಮಾಷೆ ನೋಡ್ತಿದ್ನಾ? ಕಟ್ಟಡ ಕೆಲಸ ಅಂತ ಬರಿ." ಬರೆದೆ. ನಿನ್ನ ಹೆಸರು ಮಾತ್ರ ಸೇರಿಸಲಾಗಲಿಲ್ಲ. ಎಣಿಕೆಯ ದಿನಗಳಲ್ಲಿ ಎಲ್ಲಿದ್ದರೋ ಅಲ್ಲೇ ಲೆಕ್ಕ ಎಂದು ನಿಯಮ, ನಿನ್ನನ್ನು ತಮ್ಮನ ಮನೆಯಲ್ಲಿ ಬರೆದುಕೊಂಡಿರುತ್ತಾರೆ. ಬೀದಿಗೆ ಮೊದಲ ಬುಟ್ಟಿ ಸುರಿದವನೊಬ್ಬನನ್ನು ಬಿಟ್ಟು ಎಲ್ಲರನ್ನೂ ಎಣಿಸಿದೆ.

ಮೂರನೇ ತಿರುವಿನ ಲಿಫ್ಟ್ ರಿಪೇರಿಯವನು ಗೊತ್ತಲ್ಲ, ಕೈ ಎತ್ತಿದರೆ ಸೂರು ತಗಲುವ ಕೋಣೆಯಲ್ಲಿ ಸಂಸಾರ ಮಾಡುತ್ತಾನೆ. "ದಿನಾ ನಲವತ್ತು ಮಹಡಿ ಹತ್ತಿ ಇಳೀತೀನಕ್ಕಾ, ನನ್ನನ್ನ ಯಾವ ಮಹಡೀಲಿ ಎಣಿಸ್ತೀರ?" ಎಂದು ನಗೆಯಾಡಿದ. ಅವನ ಹೆಂಡತಿ ನಗಲಿಲ್ಲ. "ಬರ್ಕೊಂಡ್ ಹೋಗಿ ಏನ್ಮಾಡ್ತಾರೆ? ಎಬ್ಬಿಸೋಕಾ?" ಎಂದು ನೇರವಾಗಿ ಕೇಳಿದಳು. ಎಬ್ಬಿಸಬೇಕಾದರೂ ಮೊದಲು ಇದ್ದೀವಿ ಅಂತ ಒಪ್ಪಿಕೊಳ್ಳಲಿ ಎಂದೆ. ಅವಳು ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ನಿಲ್ಲಿಸಿದಳು. ರೈಲು ಹಳಿಯ ಪಕ್ಕದ ಕೋಣೆಯಲ್ಲಿ ಆಸ್ಪತ್ರೆ ಒರೆಸುವ ಹೆಂಗಸರಿದ್ದಾರೆ. ಹಾಸಿಗೆ ಆರು, ಜನ ಹನ್ನೆರಡು. ಹಗಲು ಪಾಳಿಯವರು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವರು ಬಂದು ಮಲಗುತ್ತಾರೆ. ಹನ್ನೆರಡೂ ಬರೆದೆ. ಕೊನೆಗೆ ಕೂಡಿದಾಗ ನಾನೂರ ಹನ್ನೆರಡು ಮನೆ, ಸಾವಿರದ ಒಂಬೈನೂರ ನಲವತ್ತಾರು ಜನ. ಎರಡು ಸಲ ಕೂಡಿದೆ. ಅಮ್ಮ ಇನ್ನೊಂದು ಸಲ ಕೂಡಿಸಿದಳು.

ರಬ್ಬರ್ ಸಾಹೇಬರು ಹಾಳೆಗಳ ಕಟ್ಟು ನೋಡಿಯೇ ಬೆವರಿದರು. "ಏನ್ರೀ ಇದು? ನಕ್ಷೇಲಿ ಜವುಗು ಅಂತಿದೆ." ಹೌದು ಸಾರ್, ನಲವತ್ತು ವರ್ಷದ ಹಿಂದೆ ಇತ್ತು ಎಂದೆ. "ನಕ್ಷೇಲಿ ಇಲ್ದಿರೋ ಮನೆಗೆ ನಂಬರ್ ಹಾಕೋಕಾಗಲ್ಲ." ಹಾಗಾದರೆ ನಕ್ಷೆಯನ್ನು ತಿದ್ದಿ ಎಂದೆ. ಆಮೇಲೆ ಅವರು ಆ ಆಸ್ಪತ್ರೆಯ ಹೆಂಗಸರ ಹಾಳೆ ಎತ್ತಿ, "ಆರು ಹಾಸಿಗೆಗೆ ಹನ್ನೆರಡು ಜನಾನಾ? ಆರು ಮಾಡ್ರೀ" ಎಂದು ಜೇಬಿಗೆ ಕೈಹಾಕಿದರು. ನಾನು ಪೆನ್ನಿನಲ್ಲಿ ಬರೆದಿದ್ದೆ, ರಬ್ಬರು ಕೆಲಸಕ್ಕೆ ಬರಲಿಲ್ಲ. "ಹಾಸಿಗೆ ಎಣಿಸೋಕೆ ಕಳಿಸಿದ್ರಾ ಸಾರ್, ಮನುಷ್ಯರನ್ನಾ?" ಎಂದೆ. ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಸಾಹೇಬರಿಗೆ ಸಿಟ್ಟು ಬಂತು, ಒಂದು ಹೊಸ ಹಾಳೆ ತೆಗೆದು, ತಾವೇ ದೊಡ್ಡದಾಗಿ ಸೊನ್ನೆ ಬರೆದು ನನ್ನ ಮುಂದೆ ತಳ್ಳಿದರು. "ಸಹಿ ಹಾಕಿ. ಅಲ್ಲಿ ಯಾರೂ ವಾಸ ಮಾಡಲ್ಲ. ನೀವು ನೋಡಿದ್ದೀರಾ, ವಾಸ ಮಾಡೋದನ್ನ?" ನಾನು ಪೆನ್ನಿಗೆ ಮುಚ್ಚಳ ಹಾಕಿ ಹೇಳಿದೆ, "ನಾನೇ ವಾಸ ಮಾಡ್ತೀನಿ ಸಾರ್. ಹುಟ್ಟಿದಾಗಿನಿಂದ. ಹಾಳೆ ಒಂದು, ಮನೆ ಒಂದು, ಎರಡನೇ ಹೆಸರು ನನ್ನದು." ಅವರು ನನ್ನ ಸೇವಾ ಪುಸ್ತಕ ತರಿಸಿ, "ಇಲ್ಲಿ ಬೇರೆ ವಿಳಾಸ ಇದೆಯಲ್ಲ" ಎಂದರು. "ಅದು ಸುಳ್ಳು. ನಾನೇ ಬರೆದ ಸುಳ್ಳು. ಇದು ನಿಜ" ಎಂದು ಹೇಳಿ, ಸೊನ್ನೆಯ ಹಾಳೆಯನ್ನು ಅವರ ಕಡೆಗೇ ತಳ್ಳಿ ಎದ್ದು ಬಂದೆ.

ಅಲ್ಲಿಂದ ನೇರ ಗಣತಿಯ ದೊಡ್ಡ ಅಧಿಕಾರಿಯ ಕಚೇರಿಗೆ ಹೋದೆ. ಹೆಂಗಸು, ಮಾತು ಕಡಿಮೆ. ಮೂರು ಗಂಟೆ ಬೆಂಚಿನ ಮೇಲೆ ಕಾಯಿಸಿ ಒಳಗೆ ಕರೆದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯವರು. ನಾನು ಒಂದೇ ಮಾತು ಕೇಳಿದೆ: ಪಟ್ಟಿಯಲ್ಲಿ ಮೇಲೆ ಏರಲು ಜನ ಬೇಕು ಅನ್ನುತ್ತೀರಿ, ಇರುವ ಜನರನ್ನು ಬಿಟ್ಟು ಯಾರನ್ನು ಎಣಿಸಿ ಏರುತ್ತೀರಿ? ಅವರು ಹಾಳೆಗಳನ್ನು ತಿರುವಿದರು, ಅಮ್ಮನ "ಕಟ್ಟಡ ಕೆಲಸ"ದ ಮೇಲೆ ಒಂದು ಕ್ಷಣ ನಿಂತರು. ಮರುದಿನ ಬೇರೆ ವಿಭಾಗದ ಇಬ್ಬರನ್ನು ಕಳಿಸಿ ಮತ್ತೆ ಎಣಿಕೆ ಮಾಡಿಸಿದರು. ಬೀದಿಯವರು ಕೆಲಸಕ್ಕೆ ರಜೆ ಹಾಕಿ ಬಾಗಿಲಲ್ಲಿ ನಿಂತಿದ್ದರು. ಬಂದವರ ಲೆಕ್ಕ ಎಷ್ಟಾಯಿತು ಗೊತ್ತೇ? ಸಾವಿರದ ಒಂಬೈನೂರ ಐವತ್ತು. ನನಗಿಂತ ನಾಲ್ಕು ಹೆಚ್ಚು! ಹಿಂದಿನ ಸಾಲಿನ ಒಂದು ಮನೆ ನನ್ನ ಕಣ್ಣು ತಪ್ಪಿತ್ತು, ಅಮ್ಮ ಇನ್ನೂ ಅದನ್ನೇ ಆಡಿಕೊಳ್ಳುತ್ತಿದ್ದಾಳೆ. ನಿನ್ನೆ ಬೆಳಿಗ್ಗೆ ಲೆಕ್ಕ ಒಪ್ಪಿಕೊಂಡರು, ಕಾಗದದ ನಕಲು ನನ್ನ ಕೈಲಿದೆ. ನಿನ್ನೆ ಮಧ್ಯಾಹ್ನವೇ ಇನ್ನೊಂದು ಕಾಗದವೂ ಬಂತು. ಸುಳ್ಳು ವಿಳಾಸ ಕೊಟ್ಟದ್ದಕ್ಕೆ, ವಿಚಾರಣೆ ಮುಗಿಯುವವರೆಗೆ ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಸುಳ್ಳು ಬರೆದದ್ದು ನಿಜ, ಅದಕ್ಕೆ ಏನು ಕೊಟ್ಟರೂ ತೆಗೆದುಕೊಳ್ಳುತ್ತೇನೆ. ಆದರೆ ಅವರು ಕಾದದ್ದು ನೋಡು, ಹತ್ತೊಂಬತ್ತು ವರ್ಷ ಸುಳ್ಳು ಹೇಳುವಾಗ ಯಾರಿಗೂ ತೊಂದರೆ ಇರಲಿಲ್ಲ. ನಿಜ ಹೇಳಿದ ವಾರಕ್ಕೆ ನೋಟೀಸು. ಅಳಬೇಕು ಅನ್ನಿಸಿದಾಗ ಒಂದು ಸಲ ಅತ್ತೆ, ಮುಖ ತೊಳೆದೆ, ಈಗ ಹಸಿವಾಗುತ್ತಿದೆ. ಒಂಬತ್ತನೇ ತರಗತಿಯ ನಾಲ್ಕು ಹುಡುಗಿಯರು ಸಂಜೆ ಮನೆ ಹುಡುಕಿಕೊಂಡು ಬಂದರು, ಉಳಿದ ಪಾಠ ಇಲ್ಲೇ ಹೇಳಿಕೊಡಿ ಟೀಚರ್ ಎಂದು. ಒಳಗೆ ಕರೆದು ಕೂರಿಸಿದೆ. ನಮ್ಮ ಮನೆಗೆ ಶಾಲೆಯವರು ಬಂದದ್ದು ಇದೇ ಮೊದಲು.

ತಮ್ಮನಿಗೆ, ಅವನ ಹೆಂಡತಿಗೆ ನನ್ನ ನೆನಪು ಹೇಳು. ಮೊಮ್ಮಗಳನ್ನು ಕಣ್ತುಂಬ ನೋಡು, ಅದಕ್ಕೇ ಅಲ್ಲವೇ ಕಣ್ಣು ಮಾಡಿಸಿದ್ದು. ನನ್ನ ಬಗ್ಗೆ ಚಿಂತೆ ಬೇಡ, ಆಶೀರ್ವಾದ ಮಾತ್ರ ಇರಲಿ.

ನಿನ್ನ ಮೊಂಡು ಮಗಳು

ಮರೆತಿದ್ದೆ, ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಗೀಚುತ್ತಿದ್ದೇನೆ: ತಮ್ಮ ಇನ್ನೊಂದು ಮಾತೂ ಹೇಳಿದ. "ಬೀಳೋ ಬೀದಿ ನೋಡೋಕೆ ಯಾಕೆ ಹೋಗ್ಲಿ, ಇಲ್ಲೇ ಇದ್ದುಬಿಡ್ತೀನಿ" ಎಂದೆಯಂತೆ. ಬೀದಿ ಬೀಳುವುದಿಲ್ಲ ಎಂದು ನಾನು ಬರೆದುಕೊಡಲಾರೆ, ರಸ್ತೆಯ ಯೋಜನೆ ಇನ್ನೂ ಹಾಗೇ ಇದೆ. ಆದರೆ ಮುಂದಿನ ಸೋಮವಾರ ನಕ್ಷೆ ಇಲಾಖೆಯವರು ಅಳತೆಗೆ ಬರುತ್ತಾರೆ. ನೆಲದಡಿಯ ಚರಂಡಿ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಎಲ್ಲಿ ತಿರುಗಿದೆ ಎಂದು ಮೊದಲೇ ಫೋನ್ ಮಾಡಿ ಕೇಳಿದರು. ಯಾರಿಗೂ ಗೊತ್ತಿಲ್ಲ. ಹೂತವನು ನೀನು. ಬೀದಿಗೆ ಹೆಸರೇನು ಬರೆಯಲಿ ಎಂದೂ ಕೇಳಿದರು. ತಡೀರಿ, ಮೇಸ್ತ್ರಿ ಬರ್ತಿದ್ದಾರೆ ಎಂದು ಹೇಳಿಬಿಟ್ಟಿದ್ದೇನೆ. ಡಾಕ್ಟರನ್ನು ಕೇಳಿ ಶನಿವಾರದ ಗಾಡಿ ಹತ್ತು. ನಿನ್ನದೇ ಹೆಸರಿಡಬೇಕು ಎಂದು ಇಲ್ಲಿ ಎಲ್ಲರೂ ಹಟ ಹಿಡಿದಿದ್ದಾರೆ, ಅಮ್ಮ ತನ್ನದೇ ಇಡಬೇಕು ಅನ್ನುತ್ತಿದ್ದಾಳೆ. ಬಂದು ಜಗಳ ಆಡು.