ವೇದಿಕೆಯ ಮೇಲೆ ಒಂದು ಲೋಟ ನೀರು

ಭಾನುವಾರ, ಬೆಳಗ್ಗೆ

ಪ್ರೀತಿಯ ಪಿಟೀಲಿಗೆ,

ಡಾಕ್ಟರಾದ ಮೇಲೂ ಇದೇ ಹೆಸರೇ ಎಂದು ಮುಖ ಊದಿಸಿಕೊಳ್ಳಬೇಡ. ತೊಟ್ಟಿಲಲ್ಲಿ ನೀನು ಹೊತ್ತುಗೊತ್ತಿಲ್ಲದೆ ಕುಯ್ಯೋ ಎನ್ನುತ್ತಿದ್ದಾಗ ಈ ಹೆಸರಿಟ್ಟವಳು ನಾನು. ವಾಪಸು ತೆಗೆದುಕೊಳ್ಳುವ ಯೋಚನೆ ಇಲ್ಲ.

ನಿನ್ನ ಮೆಸೇಜು ಓದಿದೆ. "ಅತ್ತೆ, ನನ್ನ ಡಿಗ್ರಿ ಕೊಡೋ ದಿನಾನೇ ಹಾಳು ಮಾಡಿಬಿಟ್ರಿ. ಭಾಷಣ ಮಾಡೋಕೆ ಇಷ್ಟ ಇಲ್ದಿದ್ರೆ ಬರ್ಲೇಬಾರದಿತ್ತು" ಎಂದು ಬರೆದಿದ್ದೀಯ. ನಿನ್ನಮ್ಮನೂ ಫೋನ್ ಮಾಡಿ, ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಹಾಗಾಯಿತು ಎಂದಳು. ನನ್ನ ತಮ್ಮ, ಅಂದರೆ ನಿನ್ನಪ್ಪ, ಎಂದಿನಂತೆ ಫೋನಿನ ಪಕ್ಕದಲ್ಲಿ ಕೂತು ಕೆಮ್ಮಿದ. ತಾನು ಯಾರ ಪಕ್ಷವೂ ಅಲ್ಲ ಎಂದು ಅವನು ತಿಳಿಸುವುದೇ ಹಾಗೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಅಲ್ಲೇ ಓದಿ ಡಾಕ್ಟರಾದವಳು, ಹೊಸ ಡಾಕ್ಟರುಗಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ನಿಮ್ಮ ಕಾಲೇಜಿನವರು ನನ್ನನ್ನು ಕರೆಸಿದ್ದರು. ಹೇಳದೆ ಬಂದೆ. ಆ ಮಾತು ನಿನಗಾದರೂ ಸೇರಲಿ. ಅದಕ್ಕೆ ಮೊದಲು, ನೀನು ಸಭಾಂಗಣದಲ್ಲಿ ಕೂತಿದ್ದಾಗ ವೇದಿಕೆಯ ಹಿಂದಿನ ಕೋಣೆಯಲ್ಲಿ ಏನಾಯಿತೆಂದು ಕೇಳು.

ಅಲ್ಲಿ ಮೆತ್ತನೆಯ ಸೋಫಾಗಳಿದ್ದವು. ಅತಿಥಿಗಳೆಲ್ಲ ಚಹಾ ಕುಡಿಯುತ್ತ, ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ಬಾಗಿಲ ಸಂದಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮುಖದ ಕೆಳಭಾಗಕ್ಕೆ ಸ್ಕಾರ್ಫ್ ಸುತ್ತಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಆಕೆಗೆ ಯಾರೂ ಚಹಾ ಕೊಟ್ಟಿರಲಿಲ್ಲ. ನಾನು ಆಕೆಯ ಪಕ್ಕ ಹೋಗಿ ಕೂತೆ. ಆಕೆಯದು ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ದಿನವಿಡೀ ಮೈಕಿನಲ್ಲಿ ಹೇಳುತ್ತಿದ್ದವರು. ದವಡೆಯಲ್ಲಿ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಕೆಳದವಡೆ ಅರ್ಧ ತೆಗೆದು ಆ ಜಾಗಕ್ಕೆ ಆಕೆಯ ಕಾಲಿನದೇ ಮೂಳೆ ಕೂರಿಸಿದ್ದರು. "ಈಗ ನನ್ನನ್ನ ಹಿಂದಿನ ರೂಮಿಗೆ ಹಾಕಿದಾರೆ, ಲಗೇಜಿಗೆ ಚೀಟಿ ಅಂಟಿಸೋಕೆ. ನನ್ನ ಮಾತು ಜನಕ್ಕೆ ತಿಳಿಯಲ್ವಂತೆ" ಎಂದರು. ನನಗೆ ತಿಳಿಯಿತು. ಸ್ವಲ್ಪ ನಿಧಾನವಾಗಿ ಕೇಳಿಸಿಕೊಳ್ಳಬೇಕು, ಅಷ್ಟೆ.

ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದೆ. "ಮಕ್ಕಳಿಗೆ ಪಾಠ ಅಂದ್ರು. ಫೋಟೋ ಮಾತ್ರ ತೋರಿಸ್ತೀವಿ, ನೀವು ಸುಮ್ನೆ ಕೂತಿದ್ರೆ ಸಾಕು ಅಂದ್ರು."

ಅಷ್ಟರಲ್ಲಿ ಆಕೆಗೆ ಆಪರೇಶನ್ ಮಾಡಿದ್ದ ನಿಮ್ಮ ದೊಡ್ಡ ಸರ್ಜನ್ ಬಂದರು. ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು. ಆಕೆಗೆ ಒಂದು ನಮಸ್ಕಾರವಿಲ್ಲ, ಮಾತಿಲ್ಲ. ಒಂದು ಬೆರಳಿನಿಂದ ಸ್ಕಾರ್ಫ್ ಕೆಳಗೆಳೆದು, ಗಲ್ಲ ಹಿಡಿದು ಬೆಳಕಿಗೆ ಆಚೆ ಈಚೆ ತಿರುಗಿಸಿದರು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ. "ಚೆನ್ನಾಗಿ ಕೂತಿದೆ" ಎಂದು ಉಳಿದವರಿಗೆ ಹೇಳಿ ಹೊರಟರು. ಬಿಸ್ಕತ್ತಿನ ಪುಡಿ ಆಕೆಯ ಮಡಿಲಲ್ಲಿ ಬಿದ್ದಿತ್ತು. ಆಕೆ ಅದನ್ನು ಅಂಗೈಗೆ ಬಳಿದುಕೊಂಡು, ಎಲ್ಲಿ ಹಾಕಲಿ ಎಂದು ಸುತ್ತ ನೋಡಿದರು. ನಾನು ಅನ್ಯಾಯದ ಮಾತಾಡುವುದಿಲ್ಲ. ಆ ಮನುಷ್ಯನ ಕೈಗೆಲಸ ಚೊಕ್ಕ, ಹೊಲಿಗೆ ಒಂದಿಷ್ಟೂ ಸೊಟ್ಟಗಿಲ್ಲ. ಅದನ್ನು ನೋಡಿದ ಮೇಲೇ ನನಗೆ ಇನ್ನಷ್ಟು ಹೇಸಿಗೆಯಾಯಿತು. ಇಷ್ಟೆಲ್ಲ ಬಲ್ಲವನಿಗೆ ಒಂದು ನಮಸ್ಕಾರ ಮಾಡಲು ಬರಲಿಲ್ಲವಲ್ಲ ಎಂದು.

ಮುಂದಿನದನ್ನು ನೀನೂ ನೋಡಿದೆ. ಪರದೆಯ ಮೇಲೆ ಮೊದಲಿನ ಮುಖ, ಈಗಿನ ಮುಖ. ಅಷ್ಟಕ್ಕೇ ನಿಲ್ಲಿಸದೆ ಆಕೆಯನ್ನು ನಡುವೇದಿಕೆಗೆ ಕರೆದು ಸ್ಕಾರ್ಫ್ ಬಿಚ್ಚಿಸಿದರು. ಹೆಸರು ಹೇಳಿ ಎಂದು ಮೈಕು ಹಿಡಿದರು. ಆಕೆ ಹೇಳಿದ್ದನ್ನು ಹಿಂದಿನ ಸಾಲಿನಿಂದ ಯಾರೋ ಅಣಕಿಸಿದರು. ಆಮೇಲೆ ಆ ನೀರಿನ ಲೋಟ. "ಕುಡಿದು ತೋರಿಸಿ." ತುಟಿಯ ಒಂದು ಬದಿಗೆ ಸ್ಪರ್ಶವೇ ಇಲ್ಲ, ನೀರು ಅಲ್ಲಿಂದಲೇ ಇಳಿದು ಕತ್ತು, ಎದೆ ಎಲ್ಲ ಒದ್ದೆ. ಆಗ ಆ ಸರ್ಜನ್ ಮೈಕಿಗೆ ಬಾಯಿಟ್ಟು ಹೇಳಿದ್ದು ನಿನಗೂ ಕೇಳಿಸಿದೆ: "ಪೈಪ್ ರಿಪೇರಿ ಆಗಿದೆ. ವಾಷರ್ ಹಾಕೋ ಕೆಲಸ ಈ ಬ್ಯಾಚಿಗೆ ಬಿಟ್ಟಿದೀನಿ."

ಇಡೀ ಸಭಾಂಗಣ ನಕ್ಕಿತು. ಕರಿ ನಿಲುವಂಗಿ ತೊಟ್ಟ ನಿಮ್ಮ ಬ್ಯಾಚು, ಅಪ್ಪ ಅಮ್ಮಂದಿರು, ವೇದಿಕೆಯ ಮೇಲಿದ್ದ ಹಿರಿಯರು. ಅದಕ್ಕಿಂತ ಸಂಕಟವೆಂದರೆ, ಆಕೆಯೂ ನಗಲು ನೋಡಿದರು, ನಗಲು ಬರುವ ಅರ್ಧ ಬಾಯಲ್ಲಿ. ನೀನು ಮೂರನೆಯ ಸಾಲಿನಲ್ಲಿದ್ದೆ. ನೀನು ನಗಲಿಲ್ಲ, ಮಡಿಲಲ್ಲಿದ್ದ ಟೋಪಿ ನೋಡುತ್ತಿದ್ದೆ. ಯಾಕೆಂದು ನಾನು ಕೇಳುವುದಿಲ್ಲ.

ನಾನು ಎದ್ದು ಹೋಗಿ ನನ್ನ ಕರವಸ್ತ್ರವನ್ನು ಆಕೆಯ ಕೈಗೆ ಕೊಟ್ಟೆ. "ಇಲ್ಲಿ ಇನ್ನೂ ಇರ್ಬೇಕು ಅನ್ಸುತ್ತಾ?" ಎಂದು ಮೆಲ್ಲಗೆ ಕೇಳಿದೆ. ಆಕೆ ಬೇಡವೆಂದು ತಲೆ ಅಲ್ಲಾಡಿಸಿದರು. ಇಬ್ಬರೂ ಇಳಿದುಬಿಟ್ಟೆವು. "ನಮ್ಮ ಹಳೇ ವಿದ್ಯಾರ್ಥಿನಿ ಮೊದ್ಲಿಂದ್ಲೂ ಸ್ವಲ್ಪ ಮೆದು" ಎಂಬ ಸರ್ಜನ್ನರ ಮಾತೂ ಮತ್ತೊಂದು ನಗೆಯೂ ಬೆನ್ನ ಹಿಂದೆ ಬಂದವು.

ಕಟ್ಟಡದ ಹಿಂದೆ ಕಾರಿನ ಹತ್ತಿರ ಹೋಗುವಷ್ಟರಲ್ಲಿ ತಡೆಯಲಾಗಲಿಲ್ಲ. ಗೋಡೆ ಹಿಡಿದು ವಾಂತಿ ಮಾಡಿದೆ, ಈ ವಯಸ್ಸಿನಲ್ಲಿ. ಹುಳ ಬಿದ್ದ ಗಾಯ ತೊಳೆದವಳು ನಾನು. ಕೊಳೆತ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾಂಡೇಜು ಬಿಚ್ಚಿ, ಕೈ ತೊಳೆದು, ಅದೇ ಕೈಯಲ್ಲಿ ಊಟ ಮಾಡಿದವಳು. ಕೀವು ನನಗೆಂದೂ ಅಸಹ್ಯವಾಗಲಿಲ್ಲ, ಆ ನಗೆ ಆಯಿತು. ಆಕೆ ನನ್ನ ಬೆನ್ನು ನೀವುತ್ತ, "ಡಾಕ್ಟರಮ್ಮ, ನೀರು ತರ್ಲಾ?" ಎಂದು ಕೇಳಿದರು. ಆ ಹೊತ್ತಿನಲ್ಲಿ ಇಬ್ಬರಲ್ಲಿ ಡಾಕ್ಟರು ಯಾರೆಂದು ನೀನೇ ಹೇಳು.

ಇನ್ನು ನನ್ನ ಭಾಷಣ. ಸೇವೆ, ತ್ಯಾಗ ಎಂಬ ದೊಡ್ಡ ಮಾತೆಲ್ಲ ನನಗಿಂತ ಮುಂಚೆ ಮಾತಾಡಿದವರು ಆಡಿ ಮುಗಿಸಿದ್ದರು, ಅದರ ಬೆನ್ನಿಗೇ ಆ ಲೋಟ ಬಂತು. ನನ್ನದು ಸಣ್ಣ ಮಾತು. ಮುಟ್ಟುವ ಮೊದಲು ನಿನ್ನ ಹೆಸರು ಹೇಳು. ಕೈ ತಣ್ಣಗಿದ್ದರೆ ಉಜ್ಜಿಕೋ. ನೋಡಬೇಕಾದಷ್ಟು ಮೈ ನೋಡಿ ಉಳಿದದ್ದಕ್ಕೆ ಬಟ್ಟೆ ಎಳೆದುಬಿಡು. ಎಷ್ಟೋ ಜನಕ್ಕೆ ನಿನ್ನ ಔಷಧಿ ಮರೆತುಹೋಗುತ್ತದೆ, ಆ ಬಟ್ಟೆ ಎಳೆದದ್ದು ಮರೆಯುವುದಿಲ್ಲ. ಮೊದಮೊದಲು ಗಾಯ ಕಂಡು ವಾಕರಿಕೆ ಬರುತ್ತದೆ. ನಾಚಬೇಡ, ಆಚೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ವಾಪಸು ಬಾ. ಬರಬರುತ್ತ ಅದು ಹೋಗುತ್ತದೆ. ನನಗಿರುವ ದಿಗಿಲು ಅದರ ಜೊತೆಗೆ, ಆ ನಗೆ ಕೇಳಿ ನನಗಾಯಿತಲ್ಲ, ಆ ಇನ್ನೊಂದು ಹೇಸಿಗೆಯೂ ಹೋಗಿಬಿಡುತ್ತದೆಂದು. ದೊಡ್ಡವರು ರೋಗಿಯನ್ನು ಆಡಿಕೊಂಡು ನಗುವಾಗ ನಿನಗೂ ಮುಗುಳ್ನಗೆ ಬಂದುಬಿಡುತ್ತದೆ, ನೌಕರಿಯ ಭಯದಿಂದ. ಆಗ ಅವರ ಮುಖ ನೋಡಬೇಡ, ಹಾಸಿಗೆಯ ಮೇಲಿನ ಮುಖ ನೋಡು. ಆ ಹೇಸಿಗೆಯೊಂದನ್ನು ಉಳಿಸಿಕೋ, ಮಗಳೇ. ಮಿಕ್ಕಿದ್ದನ್ನೆಲ್ಲ ಪುಸ್ತಕ ಕಲಿಸುತ್ತದೆ.

ನೀನು ಒಳ್ಳೆಯ ಡಾಕ್ಟರಾಗುತ್ತೀಯ. ಅದು ಅತ್ತೆಯ ಮಮಕಾರವಲ್ಲ. ಅದಕ್ಕೆ ಬೇರೆಯವರ ಸಾಕ್ಷಿ ನನ್ನ ಹತ್ತಿರವಿದೆ.

ಸಿಟ್ಟಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಅತ್ತೆ

ತಾಜಾ ಕಲಂ: ಆಕೆಯನ್ನು ಮನೆಗೆ ಬಿಡುವಾಗ, ಫೋಟೋ ಮಾತ್ರ ಎಂದು ಹೇಳಿ ಒಪ್ಪಿಸಿದ್ದು ಯಾರು ಎಂದು ಕೇಳಿದೆ. "ಒಬ್ಬಳು ಹುಡುಗಿ ಡಾಕ್ಟರು. ಮಾತಾಡಿಸ್ತಾ ಡ್ರೆಸ್ಸಿಂಗ್ ಮಾಡ್ತಿದ್ಲು, ನೋವೇ ಗೊತ್ತಾಗ್ತಿರ್ಲಿಲ್ಲ. ಆ ಮಗು ಕೇಳ್ತಲ್ಲ ಅಂತ ಒಪ್ಕೊಂಡೆ. ಅವತ್ತು ಅವಳ ಅತ್ತೆ ಭಾಷಣಕ್ಕೆ ಬರ್ತಾರಂತೆ, ಹೆಮ್ಮೆಯಿಂದ ಹೇಳ್ತಿದ್ಲು. ಪಾಪ, ಅವರ ಭಾಷಣ ನನ್ನಿಂದ ನಿಂತುಹೋಯ್ತೋ ಏನೋ" ಎಂದರು. ಆ ಅತ್ತೆ ನಾನೇ ಎಂದು ಹೇಳದೆ ಕಾರಿನ ಬಾಗಿಲು ತೆರೆದುಕೊಟ್ಟೆ. ನಿನಗೂ ನಿಮ್ಮ ಸರ್ಜನ್ ಫೋಟೋ ಮಾತ್ರ ಎಂದೇ ಹೇಳಿರಬೇಕು, ನಂಬುತ್ತೇನೆ. ಆದರೆ ಸ್ಕಾರ್ಫ್ ಬಿಚ್ಚಿಸಿದಾಗ ಎದ್ದು ಆಕೆಯ ಬಳಿಗೆ ಹೋಗಬೇಕಾಗಿದ್ದವಳು ನಾನಲ್ಲ. ಇದನ್ನು ನಿನ್ನಪ್ಪ ಅಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆಕೆ ನಿಲ್ದಾಣದಲ್ಲಿ ಲಗೇಜಿನ ರೂಮಿನಲ್ಲಿ ಸಿಗುತ್ತಾರೆ. ಸ್ಟೆತಸ್ಕೋಪು ಮನೆಯಲ್ಲಿಟ್ಟು, ಒಬ್ಬಳೇ ಹೋಗು.