ಹಗ್ಗದ ಒಳಗಿದ್ದವರು

ಅಂಗಡಿಯ ಮೇಲಿನ ಕೋಣೆ,
ಶುಕ್ರವಾರ, ಹತ್ತನೇ ತಾರೀಖು

ಪ್ರೀತಿಯ ಅಮ್ಮಾ,

ಮಾವ ನನ್ನನ್ನು ಕೌಂಟರಿನಲ್ಲಿ ಕೂರಿಸಿದ್ದಾರೆ! ಹೌದು, ನಿನ್ನ ಮಗಳನ್ನೇ, ಈ ಮನೆಗೆ ಬಂದು ಎರಡು ತಿಂಗಳೂ ತುಂಬದವಳನ್ನು! ಅತ್ತೆ ಕೂಡ ಇದುವರೆಗೆ ಹತ್ತದ ಆ ಎತ್ತರದ ಸ್ಟೂಲಿನ ಮೇಲೆ, ಗಾಜಿನ ಹಿಂದೆ, ಬೆಳಗ್ಗೆಯಿಂದ ಮಹಾರಾಣಿಯಂತೆ ಕೂತಿದ್ದೇನೆ. ಕಾಲು ನೆಲಕ್ಕೆ ಎಟುಕುವುದಿಲ್ಲವೆಂದು ನಿನ್ನ ಅಳಿಯ ಒಂದು ಖಾಲಿ ಪೆಟ್ಟಿಗೆ ತಂದು ಕೆಳಗಿಟ್ಟರು, ನಾನು ನೋಡಿದಾಗ ಮುಖ ತಿರುಗಿಸಿ ನಕ್ಕರು. ನಿನ್ನೆಯಿಂದ ಅವರು ನಕ್ಕದ್ದು ಅದೊಂದೇ ಸಲ.

ಅಯ್ಯೋ, ನಿನ್ನ ಆರೋಗ್ಯ ಕೇಳುವುದನ್ನೇ ಮರೆತೆ. ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲಾ ಬಾಟಲಿಯನ್ನು ಕಿಟಕಿಯಲ್ಲಿ ಅಲಂಕಾರಕ್ಕೆ ಇಟ್ಟುಕೊಂಡಿದ್ದೀಯಾ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ, ಪ್ಲೀಸ್. ನಾನು ಚೆನ್ನಾಗಿದ್ದೇನೆ, ದಪ್ಪಗೂ ಆಗಿದ್ದೇನೆ. ಇವರು ಗಡ್ಡ ಬೋಳಿಸಿಕೊಳ್ಳುತ್ತಾ ಹಾಡುತ್ತಾರೆ, ಒಂದು ಸ್ವರವೂ ಸರಿಯಿರುವುದಿಲ್ಲ, ಆದರೂ ನಾನು ಬಾಗಿಲ ಹಿಂದೆ ನಿಂತು ಪೂರ್ತಿ ಕೇಳುತ್ತೇನೆ. ಇವತ್ತು ಮಾತ್ರ ಹಾಡಲಿಲ್ಲ.

ಯಾಕೆಂದು ಹೇಳುತ್ತೇನೆ, ಬೈಯಬೇಡ. ಡಾಲರ್ ಕೊಂಡು ಮಾರುವ ಅಂಗಡಿ ಇಷ್ಟು ಇಕ್ಕಟ್ಟೇ ಎಂದು ಮದುವೆಗೆ ಮುಂಚೆ ನೀನು ಮೂಗು ಮುರಿದಿದ್ದೆಯಲ್ಲ, ಆಗ ಬಾಗಿಲ ಹತ್ತಿರ ಒಂದು ಹಸಿರು ಹಗ್ಗ ಕಟ್ಟಿದ್ದನ್ನು ನೋಡಿದ್ದೆಯಾ? ನಾನು ಅದನ್ನು ಸಿನಿಮಾ ಟಿಕೆಟಿನ ಸಾಲಿಗೆ ಕಟ್ಟುವಂಥ ಹಗ್ಗ ಎಂದುಕೊಂಡಿದ್ದೆ. ಅಲ್ಲವಂತೆ. ಬೆಳಗ್ಗೆ ಬ್ಯಾಂಕಿನಿಂದ ರೇಟು ತಿಳಿದು ಮಾವ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮಧ್ಯದಲ್ಲಿ ರೇಟು ಬದಲಾದರೆ ಹಗ್ಗದ ಹೊರಗಿದ್ದವರಿಗೆ ಹೊಸ ರೇಟು, ಒಳಗಿದ್ದವರಿಗೆ ಬೋರ್ಡಿನ ಮೇಲಿದ್ದ ಹಳೆಯ ರೇಟೇ. ಮಾವನ ತಂದೆಯ ಕಾಲದಿಂದಲೂ ಹಾಗೆಯೇ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಅದಕ್ಕೇ ಯಾರೂ ನನಗೆ ಹೇಳಲಿಲ್ಲ.

ನಿನ್ನೆ ಬೀದಿ ತುಂಬ ಜನ. ಸರ್ಕಾರ ಇಷ್ಟು ವರ್ಷ ಹಿಡಿದಿಟ್ಟಿದ್ದ ರೇಟನ್ನು ಕೈಬಿಡುತ್ತದೆ, ನಮ್ಮ ಹಣದ ಬೆಲೆ ಬೀಳುತ್ತದೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಎಲ್ಲರಿಗೂ ಡಾಲರ್ ಬೇಕು. ಮಾವ ಬ್ಯಾಂಕಿಗೆ ಹೋಗಿದ್ದರು, ಇವರು ಒಳಗೆ ನೋಟು ಪರೀಕ್ಷಿಸುತ್ತಾ ತಲೆ ಎತ್ತಿರಲಿಲ್ಲ. ಹೊರಗೆ ಸುಡುವ ಬಿಸಿಲು. ಎದುರಿನ ಇನ್ನೊಂದು ಡಾಲರ್ ಅಂಗಡಿಯ ಸಾಲಿನಲ್ಲಿ ಒಬ್ಬ ಹೆಂಗಸು ಕೈಚೀಲವನ್ನು ತಲೆಯ ಮೇಲೆ ಹಿಡಿದು ನಿಂತಿದ್ದಳು, ಬಟ್ಟೆ ಹೊಲಿಯುವವಳು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ ಅಮ್ಮಾ. ಹಗ್ಗ ಬಿಚ್ಚಿ ಅಂಗಡಿಯ ಹೊರಗಿನ ಚಾವಣಿಯ ಕೊನೆಯ ಕಂಬಕ್ಕೆ ಎಳೆದು ಕಟ್ಟಿ, “ಬನ್ನಿ, ಎಲ್ಲರೂ ನೆರಳಿಗೆ ಬನ್ನಿ” ಎಂದು ಕರೆದೆ. ಅವಳನ್ನೂ ಕೈಬೀಸಿ ಕರೆದೆ. ಎಲ್ಲರಿಗೂ ನೀರು ಕೊಟ್ಟೆ. ನನ್ನ ಬಗ್ಗೆ ನನಗೇ ಎಷ್ಟು ಹೆಮ್ಮೆಯಾಯಿತು ಗೊತ್ತಾ!

ಆಗ ರೇಡಿಯೋದಲ್ಲಿ ಬಂತು. ಗಾಳಿಸುದ್ದಿ ನಿಜವಾಯಿತು, ಡಾಲರಿನ ಬೆಲೆ ಒಂದೇ ಏಟಿಗೆ ಮೂರನೇ ಒಂದು ಭಾಗದಷ್ಟು ಏರಿತು. ಮಾವ ಏದುಸಿರು ಬಿಡುತ್ತಾ ಬಂದು ಬೋರ್ಡು ಒರೆಸುವ ಬಟ್ಟೆ ಕೈಗೆತ್ತಿಕೊಂಡವರು ಹಗ್ಗ ನೋಡಿ ಹಾಗೇ ನಿಂತರು. ಇವರು ಓಡಿ ಬಂದು, “ಅಪ್ಪಾ, ಶಟರ್ ಎಳೀತೀನಿ. ಹೊಸಬಳು, ಅವಳಿಗೇನು ಗೊತ್ತು?” ಎಂದರು. ಸಾಲಿನಲ್ಲಿದ್ದ ಒಬ್ಬ, “ಅದೇನ್ರೀ, ಒಳಗೆ ಕರೆದೋರು ನೀವೇ, ಬೆಲೆ ಏರಿದ ತಕ್ಷಣ ಶಟರಾ?” ಎಂದು ಕೂಗಿದ. ತಳ್ಳಾಟದಲ್ಲಿ ಗಾಜು ಅಲುಗಾಡಿತು. ಅತ್ತೆ ಮೆಟ್ಟಿಲ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. “ಹಗ್ಗ ಎಳೆದದ್ದು ಯಾರು?” ಎಂದರು ಮಾವ. “ನಾನು, ಮಾವ. ಬಿಸಿಲಿತ್ತು” ಎಂದೆ. ಅವರು ಆ ಬಟ್ಟೆಯನ್ನು ಮತ್ತೆ ಮೊಳೆಗೆ ನೇತುಹಾಕಿ, “ಹಳೇ ರೇಟೇ. ಒಬ್ಬೊಬ್ಬರಾಗಿ ಬನ್ನಿ” ಎಂದರು.

ಕೊಡುತ್ತಾ ಕೊಡುತ್ತಾ ಡ್ರಾಯರ್ ಬರಿದಾಯಿತು. ಉಳಿದವಳು ಒಬ್ಬಳೇ, ಆ ಹೊಲಿಗೆಯವಳು. ಅವಳ ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ, ಫೀಸು ಕಟ್ಟದಿದ್ದರೆ ಕಾಲೇಜಿನಿಂದ ಹೊರಗೆ ಹಾಕುತ್ತಾರಂತೆ. ಹೊಸ ರೇಟಿನಲ್ಲಿ ಕೊಳ್ಳುವಷ್ಟು ಅವಳ ಹತ್ತಿರ ಇಲ್ಲವೇ ಇಲ್ಲ. ಮಾವ ಅಂಗಡಿಯ ಕಾರ್ಡಿನ ಹಿಂದೆ ಹಳೆಯ ರೇಟು ಬರೆದು ಸಹಿ ಹಾಕಿ, “ಮುಂದಿನ ಗುರುವಾರ ಬನ್ನಿ” ಎಂದರು. ಅವಳು ಕಾರ್ಡು ತೆಗೆದುಕೊಂಡು ನನ್ನನ್ನೇ ನೋಡಿದಳು. “ನೀವು ಕರೆದಿರಿ ಅಂತ ಬಂದೆ ಕಣಮ್ಮಾ. ಆ ಸಾಲಲ್ಲೇ ನಿಂತಿದ್ರೆ ಇಷ್ಟೊತ್ತಿಗೆ ಸಿಕ್ಕಿರೋದು.” ಬೈದಿದ್ದರೂ ಪರವಾಗಿರಲಿಲ್ಲ ಅಮ್ಮಾ.

ಗುರುವಾರಕ್ಕೆ ಎಲ್ಲಿಂದ ತರುವುದು? ಮುಂದಿನ ಆದೇಶದವರೆಗೆ ಬ್ಯಾಂಕು ಅಂಗಡಿಗಳಿಗೆ ಒಂದು ಡಾಲರನ್ನೂ ಕೊಡುವ ಹಾಗಿಲ್ಲ. ಜನ ತಂದು ಮಾರಿದರೆ ಮಾತ್ರ ಉಂಟು. ಇನ್ನೂ ಏರುತ್ತದೆಂದು ಯಾರೂ ತರುತ್ತಿಲ್ಲ. ಇವತ್ತು ಬಂದವನು ಒಬ್ಬ ಪ್ರವಾಸಿ, ಅವನೂ ಬರೀ ಚಿಲ್ಲರೆ ನಾಣ್ಯ ತಂದಿದ್ದ. ಬಾಗಿಲು ಸದ್ದಾದರೆ ಸಾಕು, ಮೂವರೂ ಒಟ್ಟಿಗೆ ಕತ್ತೆತ್ತುತ್ತೇವೆ.

ನನಗೆ ಯಾರೂ ಒಂದು ಮಾತೂ ಅನ್ನಲಿಲ್ಲ. ಬೆಳಗ್ಗೆ ಮಾವ ಸ್ಟೂಲು ತೋರಿಸಿ, “ಒಳಗೆ ಕರೆದೋಳು ನೀನು. ಗುರುವಾರ ಆಯಮ್ಮ ಬಂದಾಗ ಮುಖ ತೋರಿಸೋಳೂ ನೀನೇ. ಕೂತ್ಕೋ” ಎಂದರು ಅಷ್ಟೇ. ಇದು ಬಡ್ತಿಯೋ ಶಿಕ್ಷೆಯೋ ನೀನೇ ಹೇಳು. ನಾನಂತೂ ಬಡ್ತಿ ಎಂದೇ ತಿಳಿದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೇನೆ.

ಅತ್ತೆ, ಮಾವ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ನಿನ್ನ ಅಳಿಯನ ನಮಸ್ಕಾರ. ನನಗೆ ನಿನ್ನ ಆಶೀರ್ವಾದ ಸ್ವಲ್ಪ ಜಾಸ್ತಿಯೇ ಬೇಕು.

ನಿನ್ನ,
ಬಾಯಿಬಡುಕಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಫೋನ್ ಮಾಡೋಣವೆಂದರೆ ನಿನಗೆ ಫೋನ್ ಬರುವುದು ಗಡಿಯಾರ ರಿಪೇರಿಯ ಟಿಕ್‌ಟಿಕ್ ಅಂಕಲ್ ಅಂಗಡಿಗೆ, ಅವರ ಕಿವಿ ನಿನ್ನ ಕಿವಿಗಿಂತ ಹತ್ತಿರ ಇರುತ್ತದೆ. ಅಪ್ಪ ಹಡಗಿನ ಅಡುಗೆಮನೆಯಲ್ಲಿ ಬೆಂದು, ರಜೆಗೆ ಬಂದಾಗಲೆಲ್ಲ ತಂದುಕೊಟ್ಟ ಡಾಲರುಗಳನ್ನು ಗುಟ್ಟಾಗಿ ಕೊಳ್ಳುವ ಆ ಅಂಕಲ್‌ಗೆ ಮಾರಬೇಡ, ಎಷ್ಟು ಜಾಸ್ತಿ ಕೊಡುತ್ತೇನೆಂದರೂ ಬೇಡ. ಮನೆಯಲ್ಲಿಟ್ಟ ಹೊರದೇಶದ ನೋಟನ್ನೆಲ್ಲ ತಿಂಗಳ ಕೊನೆಯೊಳಗೆ ಬ್ಯಾಂಕಿಗೋ ಲೈಸೆನ್ಸ್ ಇರುವ ಅಂಗಡಿಗೋ ಮಾರಬೇಕೆಂದು ಆದೇಶವಾಗಿದೆ. ಗುಟ್ಟಾಗಿ ಕೊಳ್ಳುವ ಇಬ್ಬರನ್ನು ನಿನ್ನೆ ನಮ್ಮ ಬೀದಿಯಿಂದಲೇ ಜೀಪಿನಲ್ಲಿ ಕರೆದೊಯ್ದರು. ನಮ್ಮ ಅಂಗಡಿಗೆ ಕೊಟ್ಟರೆ ನಿನಗೆ ಹೊಸ ರೇಟು, ಪೂರ್ತಿ. ಹೊಲಿಗೆಯವಳಿಗೆ ಹಳೇ ರೇಟಿಗೆ ಕೊಡುವ ನಷ್ಟ ನಮ್ಮದು. ಅಪ್ಪ ಹೋದ ಮೇಲೆ ನೀನು ಅದನ್ನು ಮುಟ್ಟಿಲ್ಲ, ನನಗೆ ಗೊತ್ತು. ಎಲ್ಲಿದೆಯೆಂದು ಇಲ್ಲಿ ಬರೆಯುವುದಿಲ್ಲ, ನೀನು ಅದರ ಮೇಲೇ ತಲೆಯಿಟ್ಟು ಮಲಗುತ್ತೀಯ. ನಿನಗೆ ಮಾಡಿದ ಪ್ರಾಮಿಸ್‌ನಂತೆ ಇಲ್ಲಿ ಯಾರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ನಾನು ಅಲ್ಲಿಗೆ ಬರುತ್ತಿರುವುದು ನಿನ್ನ ಮೊಣಕಾಲು ನೋಡಲು ಎಂದೇ ಎಲ್ಲರೂ ತಿಳಿದಿದ್ದಾರೆ. ನೀನು ಬೇಡ ಎಂದರೆ ಖಾಲಿ ಕೈಯಲ್ಲೇ ಹಿಂತಿರುಗಿ ಆ ಸ್ಟೂಲಿನ ಮೇಲೆ ಕೂರುತ್ತೇನೆ. ಕೊಡುವುದಾದರೆ ಒಬ್ಬಳೇ ಹೊಲಿಗೆ ಬಿಚ್ಚಬೇಡ, ಇಬ್ಬರೂ ಕೂತು ಬಿಚ್ಚೋಣ. ಮಂಗಳವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.